ಖಿನ್ನತೆಗೆ ಆರ್‌ಎನ್‌ಎ ಪರೀಕ್ಷೆ ಬೇಕೆ?

ಪ್ರಶ್ನೆ: ನನ್ನ ತಂಗಿಗೆ 34 ವರ್ಷ. ಕೆಲವು ತಿಂಗಳಿಂದ ಮಂಕಾಗಿದ್ದಾಳೆ. ಮಗಳಿಗೆ ಜಡೆ ಹೆಣೆಯುವುದಕ್ಕೂ ಮನಸ್ಸಿಲ್ಲ. ಮನೋವೈದ್ಯರು ಎಸ್ಸಿಟಾಲೋಪ್ರಾಮ್ ಮಾತ್ರೆ ಬರೆದುಕೊಟ್ಟು ಮೂರು ವಾರವಾಯಿತು, ಗುಣ ಕಾಣುತ್ತಿಲ್ಲ. ‘ಖಿನ್ನತೆಗೆ ಆರ್‌ಎನ್‌ಎ ಕಾರಣ, ರಕ್ತ ಪರೀಕ್ಷೆ ಮಾಡಿಸಿದರೆ ಯಾವ ಮಾತ್ರೆ ನಾಟುತ್ತದೆಂದು ತಿಳಿಯುತ್ತದೆ’ ಎಂಬ ವಿಡಿಯೊ ನೋಡಿ ಅವಳ ಗಂಡ ಮಾತ್ರೆ ನಿಲ್ಲಿಸೋಣ ಎನ್ನುತ್ತಿದ್ದಾರೆ. ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಮಾತ್ರೆ ನಿಲ್ಲಿಸಬೇಡಿ. ಇಂಥ ಮಾತ್ರೆಗಳ ಪೂರ್ಣ ಪರಿಣಾಮ ಕಾಣಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ತಟ್ಟನೆ ಬಿಟ್ಟರೆ ತಲೆಸುತ್ತು, ಸಿಡುಕು, ನಿದ್ದೆಗೇಡು ಶುರುವಾಗಬಹುದು.

ಇನ್ನು ಆ ವಿಡಿಯೊ. ಅದರಲ್ಲಿರುವುದು ಪೂರ್ತಿ ಸುಳ್ಳಲ್ಲ, ಅರ್ಧ ಸತ್ಯ. ನಮ್ಮ ಡಿಎನ್‌ಎಯಲ್ಲಿ ಪ್ರೋಟೀನ್ ತಯಾರಿಕೆಯ ಸಂಕೇತವಿರುವುದು ಸುಮಾರು ಶೇ 2ರಷ್ಟು ಭಾಗದಲ್ಲಿ ಮಾತ್ರ. ಉಳಿದ ಭಾಗದಿಂದ ಹುಟ್ಟುವ ಅನೇಕ ಆರ್‌ಎನ್‌ಎಗಳು ತಾವು ಪ್ರೋಟೀನ್ ಆಗುವುದಿಲ್ಲ, ಬೇರೆ ವಂಶವಾಹಿಗಳ ಕೆಲಸವನ್ನು ಹಿಡಿತದಲ್ಲಿಡುತ್ತವೆ. ಅವುಗಳಲ್ಲಿ ಪುಟ್ಟದು ಮೈಕ್ರೊಆರ್‌ಎನ್‌ಎ. ದರ್ಶಿನಿಯಲ್ಲಿ ಅಡುಗೆಮನೆಗೆ ಹೋಗುವ ಟೋಕನ್ನನ್ನು ದಾರಿಯಲ್ಲೇ ತಡೆಹಿಡಿದಂತೆ, ಪ್ರೋಟೀನ್ ತಯಾರಿಸುವ ಸಂದೇಶವನ್ನು ಅದು ತಡೆಯುತ್ತದೆ. ಇದನ್ನು ಪತ್ತೆಹಚ್ಚಿದ ವಿಕ್ಟರ್ ಆ್ಯಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರಿಗೆ 2024ರ ನೊಬೆಲ್ ಸಂದಿತು.

ಖಿನ್ನತೆಗೂ ಇದಕ್ಕೂ ನಂಟಿದೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಗುಸ್ತಾವೊ ಟುರೆಕಿ ತಂಡ, ಖಿನ್ನತೆಯಿದ್ದು ಮೃತಪಟ್ಟವರ ಮಿದುಳಿನಲ್ಲಿ ‘ಮಿರ್-1202’ ಎಂಬ ಮೈಕ್ರೊಆರ್‌ಎನ್‌ಎ ಕಡಿಮೆಯಿದ್ದುದನ್ನು 2014ರಲ್ಲಿ ವರದಿ ಮಾಡಿತು. ನಿಮ್ಮ ತಂಗಿಯ ಮಾತ್ರೆಯ ಹತ್ತಿರದ ಬಂಧುವಾದ ಸಿಟಾಲೋಪ್ರಾಮ್‌ನಿಂದ ಗುಣ ಕಂಡವರ ರಕ್ತದಲ್ಲೂ ಚಿಕಿತ್ಸೆಗೆ ಮುನ್ನ ಅದು ಕಡಿಮೆಯಿತ್ತು. 2020ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಸಂಶೋಧಕರು, ಖಿನ್ನತೆಯಿದ್ದ ಹೆಂಗಸರ ಮಿದುಳಿನಲ್ಲಿ ಇನ್ನೊಂದು ಉದ್ದನೆಯ ಆರ್‌ಎನ್‌ಎ ತಗ್ಗಿರುವುದನ್ನು ಕಂಡರು. ಗಂಡಸರಲ್ಲಿ ಅದು ಕಾಣಲಿಲ್ಲ.

ಆದರೆ ಇವೆಲ್ಲ ಗುಂಪಿನ ಸರಾಸರಿ ಲೆಕ್ಕ. ಗುಂಪಿನಲ್ಲಿ ಕಂಡ ವ್ಯತ್ಯಾಸದಿಂದ ಒಬ್ಬಳ ಮಾತ್ರೆ ನಿರ್ಧರಿಸಲಾಗದು. ರಕ್ತದಲ್ಲಿ ಸಿಕ್ಕ ಅಂಕಿ ಮಿದುಳಿನ ಸ್ಥಿತಿಯನ್ನೇ ಹೇಳುತ್ತದೆ ಎನ್ನುವಂತಿಲ್ಲ. ಬೇರೆ ಕಾಯಿಲೆ, ರಕ್ತದ ಮಾದರಿಯನ್ನು ಇಟ್ಟ ರೀತಿಯಿಂದಲೂ ಅಂಕಿ ಏರುಪೇರಾಗುತ್ತದೆ. ಹಾಗಾಗಿ ಖಿನ್ನತೆಗೆ ಮಾತ್ರೆ ಆರಿಸಲು ಈ ಪರೀಕ್ಷೆ ಇನ್ನೂ ರೂಢಿಯ ಚಿಕಿತ್ಸೆಯೊಳಗೆ ಬಂದಿಲ್ಲ. ಆರ್‌ಎನ್‌ಎಯನ್ನೇ ಮದ್ದಾಗಿಸುವ ಯತ್ನಗಳಿಗೆ, ರಕ್ತದಿಂದ ಮಿದುಳಿಗೆ ಅದನ್ನು ದಾಟಿಸುವುದೇ ದೊಡ್ಡ ತೊಡಕು.

ಆರನೇ ವಾರಕ್ಕೂ ಗುಣ ಕಾಣದಿದ್ದರೆ ವೈದ್ಯರು ಪ್ರಮಾಣ ಹೆಚ್ಚಿಸಬಹುದು, ಮಾತ್ರೆ ಬದಲಿಸಬಹುದು, ಜೊತೆಗೆ ಆಪ್ತಸಮಾಲೋಚನೆ ಸೂಚಿಸಬಹುದು. ಮೊದಲ ಮಾತ್ರೆ ನಾಟದಿರುವುದು ಅಪರೂಪವಲ್ಲ. ಅದರಿಂದ ಧೈರ್ಯಗೆಡಬೇಡಿ. ರಕ್ತ ಪರೀಕ್ಷೆಯನ್ನೇ ಮಾಡಿಸುವುದಾದರೆ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಬಗ್ಗೆ ವೈದ್ಯರನ್ನು ಕೇಳಿ. ಅವುಗಳ ಕೊರತೆಯೂ ಮಂಕು ತರುತ್ತದೆ, ಅದಕ್ಕೆ ಮದ್ದೂ ಇದೆ.

ಮುಂದಿನ ಭೇಟಿಗೆ ತಂಗಿಯ ಗಂಡನನ್ನೂ ಕರೆದೊಯ್ಯಿರಿ, ಅವರ ಅನುಮಾನ ಅಲ್ಲೇ ಬಗೆಹರಿಯಲಿ. ‘ಬದುಕು ಸಾಕು’ ಎಂಬ ಮಾತು ತಂಗಿಯ ಬಾಯಿಂದ ಬಂದರೆ ಒಬ್ಬಳನ್ನೇ ಬಿಡಬೇಡಿ, ಅಂದೇ ವೈದ್ಯರಲ್ಲಿಗೆ ಹೋಗಿ. ಟೆಲಿ-ಮಾನಸ್ ಸಹಾಯವಾಣಿ 14416 ಹಗಲುರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.