ನಂಬರ್ ಹಚ್ಚಿದವರ ಹಕ್ಕು

"ಡಾಕ್ಟರ್ರ ಕಡೆ ನಂಬರ್ ಹಚ್ಚೀರೇನು?" ಗದಗ-ಬೆಟಗೇರಿಯಿಂದ ಮುಂಡರಗಿಯ ತನಕ ದವಾಖಾನಿಗೆ ಹೊರಟವರನ್ನು ಮನೆಮಂದಿ ಮೊದಲು ಕೇಳುವ ಮಾತು ಇದು. ನಂಬರ್ ಹಚ್ಚುವುದು ಅಂದರೆ ಕೆಲವು ಕಡೆ ಬೆಳಿಗ್ಗೆ ಬೇಗ ಕ್ಲಿನಿಕ್ಕಿನ ಬಾಗಿಲಿಗೆ ಹೋಗಿ, ದಾರ ಕಟ್ಟಿದ ಪೆನ್ನಿನಿಂದ ನೋಟ್‌ಬುಕ್ಕಿನಲ್ಲಿ ಹೆಸರು ಬರೆದು ಬರುವುದು. ಕೆಲವು ಕಡೆ ಕಂಪೌಂಡರನ ಮೊಬೈಲಿಗೆ ಫೋನ್ ಹಚ್ಚುವುದು. ಈಚೆಗೆ ವಾಟ್ಸಾಪು, ಆ್ಯಪುಗಳೂ ಸೇರಿಕೊಂಡಿವೆ. ಹುಬ್ಬಳ್ಳಿಯಿಂದ ವಾರಕ್ಕೊಮ್ಮೆ ಬಂದು ಹೋಗುವ ತಜ್ಞರಾದರಂತೂ ನಂಬರಿಗೆ ಎಲ್ಲಿಲ್ಲದ ಬೇಡಿಕೆ. ಬೆಳ್ಳಟ್ಟಿಯಿಂದಲೋ ಡೋಣಿಯಿಂದಲೋ ಬಸ್ ಹತ್ತಿ ಬಂದವರಿಗೆ, ಮಗ್ಗ ನಿಲ್ಲಿಸಿ ಬಂದ ಬೆಟಗೇರಿಯ ನೇಕಾರರಿಗೆ ಆ ನಂಬರ್ ತಪ್ಪಿತೆಂದರೆ ದಿನದ ಕೂಲಿಯೂ ತಪ್ಪಿದಂತೆ.

ಹಾಗಾದರೆ ಆ ನಂಬರಿಗೆ ಕಾನೂನಿನಲ್ಲಿ ಎಷ್ಟು ಬೆಲೆ? ನೇರವಾಗಿ ಹೇಳುವುದಾದರೆ, ಪಾಳಿಯ ಮಟ್ಟಿಗೆ ಬಹಳ ಕಡಿಮೆ. ಖಾಸಗಿ ಕ್ಲಿನಿಕ್ಕಿನಲ್ಲಿ ಹನ್ನೆರಡರ ನಂತರ ಹದಿಮೂರೇ ಒಳಗೆ ಹೋಗಬೇಕು ಎನ್ನುವ ಕಾಯ್ದೆ ಇಲ್ಲ. ಎದೆನೋವಿನವರನ್ನು, ಉಸಿರು ಸಿಗದ ಕೂಸನ್ನು ಮೊದಲು ಒಳಗೆ ಕರೆದರೆ ಅದು ಅನ್ಯಾಯವಲ್ಲ, ಡಾಕ್ಟರರ ಕರ್ತವ್ಯ. ನಡುನಡುವೆ ಬ್ಯಾಗು ಹಿಡಿದ ಮೆಡಿಕಲ್ ರೆಪ್ರೆಸೆಂಟೇಟಿವ್‌ಗಳು ಒಳಗೆ ಹೋಗುವುದನ್ನು ಕಂಡು ಹೊರಗೆ ಕುಂತವರ ಹೊಟ್ಟೆ ಉರಿಯುವುದು ಸಹಜ. ಅದಕ್ಕೂ ನೇರ ಕಾನೂನಿನ ಮದ್ದಿಲ್ಲ. ಆದರೆ ಪಾಳಿಯ ಸುತ್ತಮುತ್ತಲಿನ ಸಂಗತಿಗಳಲ್ಲಿ, ಅಂದರೆ ಫೀ, ರಸೀದಿ, ದಾಖಲೆ, ಆದ್ಯತೆ, ತುರ್ತು ಚಿಕಿತ್ಸೆಯ ವಿಷಯದಲ್ಲಿ, ಕಾನೂನು ಗಟ್ಟಿಯಾಗಿದೆ. ನಮ್ಮ ಜನ ಜಗಳ ಆಡುವುದು ಪಾಳಿಗಾಗಿ, ಗೆಲ್ಲಬಹುದಾದದ್ದು ಉಳಿದವುಗಳಲ್ಲಿ.

ಮೊದಲು ಕ್ಲಿನಿಕ್ಕಿನ ಗೋಡೆ ನೋಡಿ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಪ್ರಕಾರ ಆಸ್ಪತ್ರೆ, ಕ್ಲಿನಿಕ್, ಲ್ಯಾಬು ಎಲ್ಲವೂ ನೋಂದಣಿ ಮಾಡಿಸಿರಬೇಕು, ದರಪಟ್ಟಿಯನ್ನು ಎದ್ದು ಕಾಣುವ ಜಾಗದಲ್ಲಿ ಹಾಕಿರಬೇಕು. 2017ರ ತಿದ್ದುಪಡಿಯಿಂದ ರೋಗಿಗಳ ಹಕ್ಕುಗಳ ಸನ್ನದು ಕಾಯ್ದೆಯೊಳಗೇ ಸೇರಿತು. ಅಲೋಪಥಿಗೆ ನೀಲಿ ಬೋರ್ಡು, ಆಯುರ್ವೇದಕ್ಕೆ ಹಸಿರು ಬೋರ್ಡು ಎಂದು 2024ರಲ್ಲಿ ರಾಜ್ಯ ಸರ್ಕಾರ ಹೇಳಿದ್ದೂ ಇದೇ ಕಾಯ್ದೆಯ ಜಾಡಿನಲ್ಲಿ. ಯಾವ ಪದ್ಧತಿಯ ವೈದ್ಯರ ಹತ್ತಿರ ನಂಬರ್ ಹಚ್ಚುತ್ತಿದ್ದೇವೆ ಎಂಬುದು ಓದು ಬಾರದವರಿಗೂ ತಿಳಿಯಲಿ ಎಂಬ ಉದ್ದೇಶ ಅದರದು, ಒಳ್ಳೆಯ ಉದ್ದೇಶ. ಇನ್ನು ವೈದ್ಯರ ವೃತ್ತಿನಡತೆಗೆ ಸಂಬಂಧಿಸಿದ 2002ರ ನಿಯಮಾವಳಿಯಂತೆ ಅವರ ನೋಂದಣಿ ಸಂಖ್ಯೆ ಕ್ಲಿನಿಕ್ಕಿನಲ್ಲಿ, ಔಷಧಿ ಚೀಟಿಯಲ್ಲಿ, ರಸೀದಿಯಲ್ಲಿ ಇರಬೇಕು. ಫೀ ಎಷ್ಟೆಂದು ಚಿಕಿತ್ಸೆಗೆ ಮುಂಚೆಯೇ ಹೇಳಬೇಕು, ಆಮೇಲಲ್ಲ. "ಒಳಗ ಹೋಗಿ ಬರ್ರಿ, ಆಮ್ಯಾಲ ನೋಡೂನು" ಎನ್ನುವ ಕೌಂಟರಿನವರಿಗೆ "ಅಣ್ಣಾ, ಮೊದ್ಲ ಫೀ ಎಷ್ಟಂತ ಹೇಳ್ರಿ" ಎಂದು ಕೇಳುವುದು ಉದ್ಧಟತನವಲ್ಲ.

ಒಂದು ವಾರದೊಳಗೆ ಮತ್ತೆ ತೋರಿಸಿದರೆ ಫೀ ಇಲ್ಲ ಎನ್ನುವುದು ಬಹಳ ಕಡೆ ಇರುವ ರೂಢಿ. ಅದು ಆಯಾ ಕ್ಲಿನಿಕ್ಕಿನ ಪದ್ಧತಿ, ಕಾಯ್ದೆಯಲ್ಲ. ಆದ್ದರಿಂದ ಮೊದಲ ಸಲವೇ ಕೇಳಿ, ಚೀಟಿಯ ಮೇಲೆ ಬರೆಸಿಕೊಳ್ಳುವುದು ಕ್ಷೇಮ.

ಫೀ ಕಟ್ಟಿದ ಮೇಲೆ ಡಾಕ್ಟರು ಬರಲೇ ಇಲ್ಲ. ಏನು ಮಾಡುವುದು?

ಜನರಿಗೆ ಹೆಚ್ಚು ಕಿರಿಕಿರಿ ಕೊಡುವುದು ಇದೇ. ನಂಬರ್ ಹಚ್ಚುವಾಗಲೇ ಫೋನ್‌ಪೇಯಲ್ಲಿ ಫೀ ಹಾಕಿಸಿಕೊಂಡಿರುತ್ತಾರೆ, ಮಧ್ಯಾಹ್ನ ಆದ ಮೇಲೆ "ಸಾಹೇಬ್ರು ಇವತ್ತ ಬರಂಗಿಲ್ಲ, ಮುಂದಿನ ವಾರ ಬರ್ರಿ" ಎನ್ನುತ್ತಾರೆ. ಹಣ ಪಡೆದು ಸೇವೆ ಕೊಡದಿರುವುದು ಗ್ರಾಹಕ ರಕ್ಷಣಾ ಕಾಯ್ದೆ, 2019ರ ಪ್ರಕಾರ ಸೇವಾ ನ್ಯೂನತೆ. ಮುಂದಿನ ವಾರ ಬರುವುದು ನಿಮಗೆ ಒಪ್ಪಿಗೆಯಾದರೆ ಸರಿ. ಇಲ್ಲವಾದರೆ ಹಣ ವಾಪಸ್ ಕೇಳಬಹುದು. ಹಣ ಸಂದಾಯದ ಸ್ಕ್ರೀನ್‌ಶಾಟು, ಬುಕ್ಕಿಂಗ್ ಮೆಸೇಜು, ಫೋನಿನ ಕಾಲ್ ಲಾಗು ಇಷ್ಟಿದ್ದರೂ ಸಾಕ್ಷ್ಯಕ್ಕೆ ಆಧಾರವಾಗುತ್ತದೆ. ನಗದು ಕೊಟ್ಟರೆ ಮಾತ್ರ ರಸೀದಿ ಇಲ್ಲದೆ ಎದ್ದು ಬರಬೇಡಿ.

ಡಾಕ್ಟರು ಎರಡು ತಾಸು ತಡ ಮಾಡಿದ್ದಕ್ಕೇ ಪರಿಹಾರ ಸಿಗುತ್ತದೆಯೇ ಎಂದರೆ, ಸಿಗುವುದು ಕಷ್ಟ. ತಡದಿಂದ ರೋಗಿಗೆ ಹಾನಿಯಾಯಿತು ಎಂದು ತೋರಿಸಬೇಕಾಗುತ್ತದೆ. ಹೆರಿಗೆ, ಅಪಘಾತ ಎಂದು ನಡುವೆ ಎದ್ದು ಹೋದ ವೈದ್ಯರನ್ನು ಯಾರೂ ದೂರುವಂತಿಲ್ಲ. ಆದರೆ ಚಿಕಿತ್ಸೆ ಶುರು ಮಾಡಿದ ರೋಗಿಯನ್ನು ಮುಂಚೆ ತಿಳಿಸದೆ ಕೈಬಿಡುವಂತಿಲ್ಲ ಎಂದು 2002ರ ನಿಯಮಾವಳಿ ಸ್ಪಷ್ಟವಾಗಿ ಹೇಳುತ್ತದೆ. ಹೊಲಿಗೆ ಬಿಚ್ಚಿಸಬೇಕಾದ ದಿನ ಕ್ಲಿನಿಕ್ಕಿಗೆ ಬೀಗ ಹಾಕಿ, ಬದಲಿ ವ್ಯವಸ್ಥೆ ಹೇಳದೆ ಹೋಗುವುದು ಈ ಮಾತಿನೊಳಗೆ ಬರುತ್ತದೆ.

ನಾವೇ ಹೋಗದೆ ಉಳಿದರೆ? ಫೀ ಮರಳಿಸುವುದು ಬಿಡುವುದು ಬುಕ್ಕಿಂಗಿನ ಷರತ್ತಿನ ಮೇಲೆ ನಿಲ್ಲುತ್ತದೆ. ಆ್ಯಪಿನ ಮೂಲಕ ಬುಕ್ ಮಾಡಿದ್ದರೆ 2020ರ ಇ-ಕಾಮರ್ಸ್ ನಿಯಮಗಳು ನೆರವಿಗೆ ಬರುತ್ತವೆ: ತಾನು ರದ್ದು ಮಾಡಿದಾಗ ಅಂಥದ್ದೇ ಶುಲ್ಕ ಹೊರದ ಕಂಪನಿ, ಗ್ರಾಹಕ ರದ್ದು ಮಾಡಿದಾಗಲೂ ಶುಲ್ಕ ಹಾಕುವಂತಿಲ್ಲ. ಆ್ಯಪಿನಲ್ಲಿ ದೂರು ಅಧಿಕಾರಿಯ ಹೆಸರಿರಬೇಕು, ಆತ 48 ತಾಸಿನೊಳಗೆ ದೂರು ತಲುಪಿದೆ ಎಂದು ತಿಳಿಸಿ, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಹಾಗೆಂದು ಮೂರು ಕಡೆ ನಂಬರ್ ಹಚ್ಚಿ ಒಂದು ಕಡೆ ಹೋಗುವ ನಮ್ಮ ಚಾಳಿಯನ್ನು ಸಮರ್ಥಿಸಲು ಮನಸ್ಸಿಲ್ಲ. ಉಳಿದ ಎರಡು ನಂಬರು ಯಾರದೋ ಕೈತಪ್ಪಿದವು.

ಒಂದು ಎಚ್ಚರಿಕೆ. ಆಸ್ಪತ್ರೆಯ ಫೋನ್ ನಂಬರನ್ನು ಇಂಟರ್ನೆಟ್ಟಿನಲ್ಲಿ ಹುಡುಕಿದಾಗ ಮೋಸಗಾರರ ನಂಬರು ಮೊದಲು ಸಿಗುವುದುಂಟು. "ಅಪಾಯಿಂಟ್‌ಮೆಂಟ್ ಖಾತ್ರಿಗೆ ಐದು ರೂಪಾಯಿ ಹಾಕಿ" ಎಂದು ಲಿಂಕು ಕಳಿಸುತ್ತಾರೆ, ಒತ್ತಿದರೆ ಖಾತೆ ಖಾಲಿ. ಹಳೆಯ ಚೀಟಿಯ ಮೇಲೆ ಅಚ್ಚಾದ ನಂಬರನ್ನೇ ನಂಬಿ. ಮೋಸ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಬೇರೆ ಖಾತೆಗೆ ಜಿಗಿಯುವ ಮುಂಚೆ ತಡೆಯಲು ಅದೇ ಮೊದಲ ಹಾದಿ.

ಸರ್ಕಾರಿ ದವಾಖಾನಿಯ ಸಾಲು

ಮಲ್ಲಸಮುದ್ರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಜಿಮ್ಸ್ ಇರಲಿ, ಶಿರಹಟ್ಟಿ, ಮುಂಡರಗಿಯ ತಾಲೂಕು ಆಸ್ಪತ್ರೆಗಳಿರಲಿ, ಲಕ್ಷ್ಮೇಶ್ವರದ ಸರ್ಕಾರಿ ಆಸ್ಪತ್ರೆ ಇರಲಿ, ಇಲ್ಲಿ ನಂಬರ್ ಹಚ್ಚುವ ಮಾತಿಲ್ಲ. ಒಪಿಡಿ ಚೀಟಿ ಮಾಡಿಸಬೇಕು, ಸಾಲಿನಲ್ಲಿ ನಿಲ್ಲಬೇಕು. ಮತ್ತು ಪಾಳಿಯ ಹಕ್ಕು ನಿಜವಾಗಿ ಇರುವುದು ಇಲ್ಲಿಯೇ.

ಒಂದು ಚಿತ್ರ ನೋಡಿ. ಎಪ್ಪತ್ತು ದಾಟಿದ ಅಜ್ಜ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಮಡಚಿ ಮಡಚಿ ಮೆತ್ತಗಾದ ಹಳೆ ಚೀಟಿ ಹಿಡಿದು ನಿಂತಿದ್ದಾನೆ. "ತಂಗೀ, ನಿಂದ್ರಾಕ ಆಗವಲ್ದವ್ವಾ" ಎಂದರೆ ಕಿಟಕಿಯ ಆಚೆಯಿಂದ, "ಎಲ್ಲಾರೂ ಪಾಳ್ಯಾಗ ಬರ್ರಿ ಅಜ್ಜಾರ." ಆಕೆಯ ಮಾತು ನ್ಯಾಯವಾಗಿ ಕೇಳಿಸುತ್ತದೆ, ಆದರೆ ಕಾನೂನು ಹಾಗಿಲ್ಲ. ಪೋಷಕರು ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ, 2007ರ 20ನೇ ಕಲಮಿನಂತೆ ಅರವತ್ತು ತುಂಬಿದವರಿಗೆ ಆಸ್ಪತ್ರೆಯಲ್ಲಿ ಪ್ರತ್ಯೇಕ ಸಾಲು ಇರುವಂತೆ ರಾಜ್ಯ ಸರ್ಕಾರ ನೋಡಿಕೊಳ್ಳಬೇಕು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ 25ನೇ ಕಲಮು ತಪಾಸಣೆ ಮತ್ತು ಚಿಕಿತ್ಸೆಯಲ್ಲಿ ಅಂಗವಿಕಲರಿಗೆ ಆದ್ಯತೆ ಕೊಡಿಸುವ ಹೊಣೆಯನ್ನು ಸರ್ಕಾರದ ಮೇಲೆ ಹಾಕಿದೆ. ಆಧಾರ್ ಅಥವಾ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು ತೋರಿಸಿ ಕೇಳಿ. ಸಾಲೇ ಇಲ್ಲವಾದರೆ ಆಡಳಿತ ವೈದ್ಯಾಧಿಕಾರಿಗೆ ಒಂದು ಅರ್ಜಿ ಬರೆದು, ಪ್ರತಿಯ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ.

ಮೊಬೈಲು ಇದ್ದವರಿಗೆ ಸಾಲು ಸ್ವಲ್ಪ ಸಣ್ಣದು ಮಾಡಿಕೊಳ್ಳುವ ದಾರಿಯೂ ಇದೆ. ಆಭಾ ಎಂಬ ಹದಿನಾಲ್ಕು ಅಂಕಿಯ ಆರೋಗ್ಯ ಖಾತೆ ಸಂಖ್ಯೆ ಮಾಡಿಸಿಕೊಂಡಿದ್ದರೆ, ಸೌಲಭ್ಯವಿರುವ ಆಸ್ಪತ್ರೆಯಲ್ಲಿ ಗೋಡೆಯ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಹೆಸರು, ವಯಸ್ಸು ತಾನೇ ಹೋಗಿ ಟೋಕನ್ ಸಂಖ್ಯೆ ಮೊಬೈಲಿಗೆ ಬರುತ್ತದೆ. ಆಭಾ ಕಡ್ಡಾಯವಲ್ಲ, ಅದಿಲ್ಲವೆಂದು ಚಿಕಿತ್ಸೆ ನಿರಾಕರಿಸುವಂತಿಲ್ಲ. ಸಣ್ಣಪುಟ್ಟ ತೊಂದರೆಗೆ ಮನೆಯಿಂದಲೇ ವೈದ್ಯರನ್ನು ಕಾಣಲು ಸರ್ಕಾರದ ಇ-ಸಂಜೀವಿನಿ ಇದೆ, ಉಚಿತ. ಖಾಸಗಿ ವೈದ್ಯರು ಫೋನಿನಲ್ಲಿ ನೋಡಿ ಫೀ ಪಡೆದರೆ, 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ ಅದಕ್ಕೂ ರಸೀದಿ ಕೊಡಬೇಕು.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸುವವರು ಅಲ್ಲಿ ದಿನ ಗೊತ್ತು ಮಾಡುವ ಮುಂಚೆ ಇಲ್ಲಿಯ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೇ ಎಂದು ವಿಚಾರಿಸಬೇಕು. ತುರ್ತು ಚಿಕಿತ್ಸೆಗೆ ಪತ್ರ ಬೇಕಿಲ್ಲ, ಉಳಿದ ಹಲವಕ್ಕೆ ಬೇಕು. ಅಲ್ಲಿಗೆ ಹೋದ ಮೇಲೆ ಪತ್ರಕ್ಕಾಗಿ ಮತ್ತೆ ಗದಗಿಗೆ ಓಡಿ ಬರುವವರು ಕಡಿಮೆಯಿಲ್ಲ.

ತುರ್ತಿಗೆ ನಂಬರಿಲ್ಲ. ಜೀವ ಉಳಿಸುವುದು ಸರ್ಕಾರಿ, ಖಾಸಗಿ ಎನ್ನದೆ ಪ್ರತಿಯೊಬ್ಬ ವೈದ್ಯರ ಹೊಣೆ ಎಂದು ಸುಪ್ರೀಂ ಕೋರ್ಟು 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. "ಮೊದಲು ಅಡ್ವಾನ್ಸ್ ಕಟ್ಟಿ" ಎಂದು ತುರ್ತು ರೋಗಿಯನ್ನು ಬಾಗಿಲಲ್ಲಿ ನಿಲ್ಲಿಸಲು ರಾಜ್ಯದ ಕಾಯ್ದೆಯೂ ಬಿಡುವುದಿಲ್ಲ. ಗಾಡಿಗೆ 108.

ದೂರು ಎಲ್ಲಿ?

ಖಾಸಗಿ ಕ್ಲಿನಿಕ್ಕಿನ ನೋಂದಣಿ, ದರಪಟ್ಟಿ, ಹೆಚ್ಚಿನ ವಸೂಲಿ ಕುರಿತಾದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ. ಅರ್ಜಿಯನ್ನು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಕೊಡಬಹುದು. ವೈದ್ಯರ ನಡತೆಯ ಬಗ್ಗೆಯಾದರೆ ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತು. ಒಳರೋಗಿಯಾಗಿದ್ದವರು ದಾಖಲೆ ಕೇಳಿದರೆ 72 ತಾಸಿನಲ್ಲಿ ಕೊಡಬೇಕೆಂಬ ನಿಯಮವಿದೆ. ದೂರು ಬರೆಯುವ ಮುಂಚೆ ಅದನ್ನು ಕೈಗೆ ತೆಗೆದುಕೊಳ್ಳಿ.

ಹಣದ ನಷ್ಟಕ್ಕೆ ಗದಗಿನ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ. ಕ್ಲಿನಿಕ್ಕು ಹುಬ್ಬಳ್ಳಿಯಲ್ಲಿದ್ದರೂ ನೀವು ವಾಸವಾಗಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 2019ರ ಕಾಯ್ದೆ ಮಾಡಿದ ದೊಡ್ಡ ಉಪಕಾರ ಇದು. ಕೊಟ್ಟ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದೊಳಗೆ ಹಾಕಬೇಕು. ಅದಕ್ಕೂ ಮುಂಚೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದರೆ ಕೆಲವು ಜಗಳ ಅಲ್ಲಿಗೇ ತೀರುತ್ತವೆ. ಎಲ್ಲರಿಗೂ ಪೂರ್ತಿ ಉಚಿತವಾಗಿ ನಡೆಯುವ ಸರ್ಕಾರಿ ಆಸ್ಪತ್ರೆ ಮಾತ್ರ ಗ್ರಾಹಕ ಕಾಯ್ದೆಯೊಳಗೆ ಬರುವುದಿಲ್ಲ. ನೋಂದಣಿಗೆ ಕಟ್ಟುವ ಸಣ್ಣ ಮೊತ್ತದಿಂದ ಆ ಸ್ಥಿತಿ ಬದಲಾಗದು ಎಂದು 1995ರ ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಮಾನವಾಗಿದೆ.

ಅಂಥಲ್ಲಿ ಆರೋಗ್ಯ ರಕ್ಷಾ ಸಮಿತಿ, 104 ಸಹಾಯವಾಣಿ, ಜನಸ್ಪಂದನದ 1902 ಇವೆ. ಡಾಕ್ಟರು ಪದೇ ಪದೇ ಸಿಗದಿದ್ದರೆ ನನ್ನ ಒಲವು ಮಾಹಿತಿ ಹಕ್ಕಿನ ಕಡೆಗೆ. ಹತ್ತು ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದ ಮೀರದ ಅರ್ಜಿ: ಇಂಥ ತಿಂಗಳ ಕರ್ತವ್ಯ ಪಟ್ಟಿ ಮತ್ತು ಹಾಜರಾತಿ ಪುಸ್ತಕದ ಪ್ರತಿ ಕೊಡಿ ಎಂದು ಕೇಳಿದರೆ ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಕೂಗಾಡುವುದಕ್ಕಿಂತ ಇದಕ್ಕೆ ಹೆಚ್ಚು ಬೆಲೆ. ಕೂಗಾಟ ಕೈಕೈ ಮಿಲಾಯಿಸುವ ತನಕ ಹೋದರೆ 2009ರ ರಾಜ್ಯ ಕಾಯ್ದೆಯಂತೆ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆಗೆ ಜೈಲಿದೆ. ಆಗ ದೂರುದಾರನೇ ಆರೋಪಿ.

ಅರ್ಜಿ ಬರೆಯಲು ಬಾರದವರು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು, ತಾಲೂಕಿನವರಿಗೆ ತಾಲೂಕು ಸಮಿತಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಫೋನಿನಲ್ಲಿ ಕೇಳುವುದಾದರೆ 15100.