ಓಟದ ಷೂ: ಬೆಲೆಗಿಂತ ಪಾದ ಮುಖ್ಯ

ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್ ಓಟ. ಅದರ ತಯಾರಿಗಿಳಿದ ಮಗನೋ ಮಗಳೋ ದಪ್ಪ ಮೆತ್ತೆಯ, ಅಟ್ಟೆಯೊಳಗೆ ಕಾರ್ಬನ್ ಪ್ಲೇಟು ಕೂರಿಸಿದ ದುಬಾರಿ ಷೂ ಕೇಳಿದರೆ ಕೊಡಿಸಬಹುದೇ?

ಈ ಬಗೆಯ ಷೂ 2017ರಲ್ಲಿ ಪ್ರಸಿದ್ಧಿಗೆ ಬಂತು. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ, ಬೇರೆ ಸ್ಪರ್ಧಾ ಷೂಗಳಿಗೆ ಹೋಲಿಸಿದಾಗ, ನುರಿತ 18 ಓಟಗಾರರಿಗೆ ಸರಾಸರಿ ಶೇ. 4ರಷ್ಟು ಶಕ್ತಿ ಉಳಿಯಿತು. ಹಗುರವಾದ ಮೆತ್ತೆ ಕುಗ್ಗಿ ಮತ್ತೆ ಪುಟಿಯುವುದೇ ಇದಕ್ಕೆ ಮುಖ್ಯ ಕಾರಣ. ನಿಧಾನವಾಗಿ ಓಡುವವರಿಗೆ ಇಷ್ಟು ಲಾಭ ಸಿಗದೆ ಹೋಗಬಹುದು.

ಬಿಗಿಯಾದ ಅಟ್ಟೆ ಪಾದದ ಮೇಲಿನ ಹೊರೆಯ ಹಂಚಿಕೆಯನ್ನೂ ಬದಲಿಸುತ್ತದೆ. ಇಂಥ ಷೂ ಧರಿಸಿದ ಐವರಲ್ಲಿ ನಡುಪಾದದ ನ್ಯಾವಿಕ್ಯುಲರ್ ಮೂಳೆಗೆ ಹಾನಿಯಾದುದನ್ನು ವೈದ್ಯರು 2023ರಲ್ಲಿ ವರದಿ ಮಾಡಿದರು. ಷೂ ಒಂದೇ ಕಾರಣವೆಂದು ಇದರಿಂದ ಸಿದ್ಧವಾಗದು. ಆದರೂ ಎಚ್ಚರ ಅಗತ್ಯ. ಈ ಮೂಳೆಯ ನಡುಭಾಗಕ್ಕೆ ರಕ್ತಸಂಚಾರ ಕಡಿಮೆ. ಹೀಗಾಗಿ ಬಿರುಕು ಬೇಗ ಕೂಡುವುದಿಲ್ಲ. ಮೊದಲಿಗೆ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು.

ಕೊಳ್ಳುವ ಮುನ್ನ ಗಮನಿಸಿ:

1. ಸಂಜೆ ಹೊತ್ತು, ಓಡುವಾಗಿನ ಕಾಲುಚೀಲ ತೊಟ್ಟು ಅಳತೆ ನೋಡಿ. ಬೆರಳುಗಳ ಮುಂದೆ ಹೆಬ್ಬೆರಳಗಲ ಜಾಗ ಇರಲಿ.

2. ಷೂ ಹಾಕಿ ಒಂಟಿ ಕಾಲಲ್ಲಿ ನಿಲ್ಲಿ. ಹಿಮ್ಮಡಿ ತೀರ ಒಳಕ್ಕೆ ವಾಲಿದರೆ ಆ ಜೋಡಿ ಬೇಡ.

3. ಮೊದಲು ವಾರಕ್ಕೊಮ್ಮೆ, ಅದೂ ಕಡಿಮೆ ದೂರಕ್ಕೆ ಬಳಸಿ. ನಿತ್ಯದ ಓಟಕ್ಕೆ ಮಾಮೂಲಿ ಷೂ ಸಾಕು.

ಪಾದದ ಮೇಲ್ಭಾಗವನ್ನು ಬೆರಳಿನಿಂದ ಒತ್ತಿದಾಗ ಒಂದೇ ಜಾಗದಲ್ಲಿ ನೋವಾದರೆ ಓಟ ನಿಲ್ಲಿಸಿ, ವೈದ್ಯರಿಗೆ ತೋರಿಸಿ. ನೋವಿನ ಮಾತ್ರೆ ನುಂಗಿ ಓಡಿದರೆ ಬಿರುಕು ಪೂರ್ತಿ ಮುರಿತವಾದೀತು.