ಹಳಿ ಮೇಲೆ ರೀಲ್ಸ್ ಬ್ಯಾಡ್ರಪ್ಪಾ

ದಢೇಸುಗೂರಿನ ಹುಡುಗರೇ, ನಮ್ಮ ಸಿಂಧನೂರಿಗೆ ರೈಲು ಬಂದದ್ದು 2024ರ ಮಾರ್ಚ್‌ನಲ್ಲಿ. ಹಿರಿಯರು ಕಾದು ಕಾದು ಕಂಡ ರೈಲು ಅದು. ಅದೇ ವರ್ಷ ಆಗಸ್ಟ್‌ನಲ್ಲಿ ಉತ್ತರ ಪ್ರದೇಶದ ಪ್ರಯಾಗರಾಜ್ ಬಳಿ ಯೂಟ್ಯೂಬರ್ ಗುಲ್ಜಾರ್ ಶೇಖ್‌ನನ್ನು ರೈಲ್ವೆ ರಕ್ಷಣಾ ಪಡೆ ಬಂಧಿಸಿತು. ಹಳಿಯ ಮೇಲೆ ಸಿಲಿಂಡರ್, ಸೈಕಲ್, ಕಲ್ಲು ಇಟ್ಟು ವಿಡಿಯೊ ಮಾಡಿದ ಆರೋಪ. ಓದಿ ನನ್ನ ಎದೆ ಝಲ್ಲೆಂದಿತು. ಬ್ರೇಕ್ ಹಾಕಿದರೂ ರೈಲು ನೂರಾರು ಮೀಟರ್ ಸಾಗಿಯೇ ನಿಲ್ಲುವುದು. ಪಕ್ಕಕ್ಕೆ ತಿರುಗಿಸಲು ಚಾಲಕನಿಗೆ ದಾರಿಯಿಲ್ಲ. ಬೋಗಿಯೊಳಗೆ ಹುಬ್ಬಳ್ಳಿಯ ಆಸ್ಪತ್ರೆಗೆ ಹೊರಟ ನಿಮ್ಮ ಅವ್ವನೇ ಕೂತಿರಬಹುದು. ಬೇಕೆಂತಲೇ ಪ್ರಯಾಣಿಕರ ಜೀವಕ್ಕೆ ಅಪಾಯ ತಂದರೆ ರೈಲ್ವೆ ಕಾಯ್ದೆಯ 153ನೇ ಸೆಕ್ಷನ್ ಪ್ರಕಾರ 5 ವರ್ಷದವರೆಗೆ ಜೈಲು. ಹಾಗೆಯೇ ರೀಲ್ಸ್‌ಗಾಗಿ ರೈಲಿನ ಬಾಗಿಲಲ್ಲಿ ಜೋತಾಡುವ ಗೆಳೆಯ ಕಂಡರೆ ಮೊಬೈಲ್ ಎತ್ತಬೇಡಿ, ರಟ್ಟೆ ಹಿಡಿದು ಒಳಗೆ ಎಳೆಯಿರಿ.